‘ಬದಲಿಗೆ’ ಅಲ್ಲ, ‘ಜೊತೆಗೆ’

ಮಾನ್ಯರೇ,

ಸ್ತನ ಕ್ಯಾನ್ಸರ್ ತಪಾಸಣೆಯ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ತಿದ್ದಿ ಬರೆದರೆ ಮತ್ತೆ ಓದುವ ಆಸೆ ಮಾತ್ರ ಖಂಡಿತ ಇದೆ. ನಿಮ್ಮ ಚಿಕ್ಕಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ ಕೈಗೆ ತಾಕಿದ ಗಂಟಿನ ವಿಷಯವನ್ನು ಮೂರು ವಾರ ಯಾರಿಗೂ ಹೇಳದೆ ಮನಸ್ಸಿನಲ್ಲಿಟ್ಟುಕೊಂಡಿದ್ದ ಭಾಗದಲ್ಲಿ ಒಂದಕ್ಷರವೂ ಬದಲಾಗಬೇಕಿಲ್ಲ. ತೊಡಕು ಶುರುವಾಗುವುದು ‘ಮ್ಯಾಮೋಗ್ರಫಿಯ (ಸ್ತನದ ಕ್ಷ-ಕಿರಣ ಪರೀಕ್ಷೆಯ) ಕಾಲ ಮುಗಿಯಿತು, ಇನ್ನು ಪ್ರತಿ ಮಹಿಳೆಯೂ ಎಂಆರ್‌ಐ (ಕಾಂತಕ್ಷೇತ್ರದಿಂದ ಚಿತ್ರ ತೆಗೆಯುವ ಪರೀಕ್ಷೆ) ಮಾಡಿಸಿಕೊಳ್ಳಬೇಕು’ ಎಂಬ ವಾಕ್ಯದಿಂದ.

ನೀವು ಆಧಾರವಾಗಿಟ್ಟುಕೊಂಡಿರುವ, 2004ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನ ನಡೆದದ್ದು ಕುಟುಂಬದ ಇತಿಹಾಸದಿಂದಲೋ ವಂಶವಾಹಿಯ ದೋಷದಿಂದಲೋ ಹೆಚ್ಚಿನ ಅಪಾಯದಲ್ಲಿದ್ದ 1,909 ಮಹಿಳೆಯರ ಮೇಲೆ. ಅದನ್ನು ಎಲ್ಲರಿಗೂ ಅನ್ವಯಿಸುವಂತಿಲ್ಲ. ಸುತ್ತಲಿನ ಅಂಗಾಂಶಕ್ಕೆ ನುಗ್ಗಿದ ಕ್ಯಾನ್ಸರ್‌ಗಳಲ್ಲಿ ಎಂಆರ್‌ಐ ಶೇ 79.5ರಷ್ಟನ್ನೂ ಮ್ಯಾಮೋಗ್ರಫಿ ಶೇ 33.3ರಷ್ಟನ್ನೂ ಗುರುತಿಸಿದವು ಎಂದು ನೀವು ಸರಿಯಾಗಿಯೇ ಬರೆದಿದ್ದೀರಿ. ಆದರೆ ಹಾಲಿನ ನಾಳದೊಳಗೇ ಉಳಿದಿದ್ದ 6 ಕ್ಯಾನ್ಸರ್‌ಗಳಲ್ಲಿ ಐದನ್ನು ಕಂಡುಹಿಡಿದದ್ದು ಮ್ಯಾಮೋಗ್ರಫಿ, ಎಂಆರ್‌ಐ ಕಂಡದ್ದು ಒಂದನ್ನು ಮಾತ್ರ ಎಂಬುದನ್ನು ಬಿಟ್ಟಿದ್ದೀರಿ. ಅಂಥ ಕ್ಯಾನ್ಸರ್‌ಗಳಲ್ಲಿ ಹಲವು ವೇಳೆ ಇರುವ ಸುಣ್ಣದ (ಕ್ಯಾಲ್ಸಿಯಂ) ಸೂಕ್ಷ್ಮ ಕಣಗಳು ಮ್ಯಾಮೋಗ್ರಫಿಯ ಕ್ಷ-ಕಿರಣಕ್ಕೆ ಚೆನ್ನಾಗಿ ಕಾಣುತ್ತವೆ. ಎಂಆರ್‌ಐ ನೋಡುವುದು ಚಿತ್ರದಲ್ಲಿ ಎದ್ದು ಕಾಣಲೆಂದು ರಕ್ತನಾಳಕ್ಕೆ ಕೊಟ್ಟ ಗ್ಯಾಡೋಲಿನಿಯಂ ದ್ರಾವಣವನ್ನು ಗಡ್ಡೆ ಹೇಗೆ ಹೀರಿಕೊಳ್ಳುತ್ತದೆ ಎಂಬುದನ್ನು. ಎರಡೂ ನೋಡುವ ಸಂಗತಿಯೇ ಬೇರೆಯಾದ್ದರಿಂದ ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯಬಲ್ಲದು. ಬ್ರಿಟನ್ನಿನಲ್ಲಿ 649 ಮಹಿಳೆಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂಆರ್‌ಐ ಶೇ 77ರಷ್ಟು, ಮ್ಯಾಮೋಗ್ರಫಿ ಶೇ 40ರಷ್ಟು, ಎರಡೂ ಸೇರಿ ಶೇ 94ರಷ್ಟು ಕ್ಯಾನ್ಸರ್‌ಗಳನ್ನು ಗುರುತಿಸಿದವು. ನಿಮ್ಮ ಲೇಖನದ ಬೆನ್ನೆಲುಬಾಗಬೇಕಾದದ್ದು ಈ ಕೊನೆಯ ಅಂಕಿ.

ಸುಳ್ಳು ಎಚ್ಚರಿಕೆಗಳ ಬಗ್ಗೆ ನೀವು ಒಂದು ಮಾತನ್ನೂ ಆಡಿಲ್ಲ. ಅದೇ ಡಚ್ ಅಧ್ಯಯನದ ಲೆಕ್ಕದಲ್ಲಿ, ಕ್ಯಾನ್ಸರ್ ಇಲ್ಲದವರಿಗೆ ಮಾಡಿದ ನೂರು ಎಂಆರ್‌ಐಗಳಲ್ಲಿ ಸುಮಾರು ಹತ್ತು ಅನುಮಾನ ಹುಟ್ಟಿಸಿದರೆ, ಮ್ಯಾಮೋಗ್ರಫಿಯಲ್ಲಿ ಆ ಸಂಖ್ಯೆ ಐದು. ಮರುಪರೀಕ್ಷೆ, ಬಯಾಪ್ಸಿ (ಅಂಗಾಂಶದ ತುಣುಕು ತೆಗೆದು ನೋಡುವುದು), ಫಲಿತಾಂಶಕ್ಕೆ ಕಾಯುವ ರಾತ್ರಿಗಳು ಇವೆಲ್ಲ ಆ ಹತ್ತು ಮಂದಿಯ ಪಾಲಿಗೆ ಬರುತ್ತವೆ. ಅಪಾಯ ನಿಜಕ್ಕೂ ಹೆಚ್ಚಿರುವವರಿಗೆ ಈ ಬೆಲೆ ತೆರುವುದು ಸಮಂಜಸ, ಉಳಿದವರಿಗೆ ಅಲ್ಲ. ಆದ್ದರಿಂದಲೇ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯು 2007ರಲ್ಲಿ, ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ವಂಶವಾಹಿಯ ದೋಷವುಳ್ಳವರು, ಜೀವಮಾನದ ಅಪಾಯ ಶೇ 20–25 ಅಥವಾ ಅದಕ್ಕಿಂತ ಹೆಚ್ಚೆಂದು ಅಂದಾಜಾದವರು, 10ರಿಂದ 30ರ ವಯಸ್ಸಿನ ನಡುವೆ ಎದೆಗೆ ವಿಕಿರಣ ಚಿಕಿತ್ಸೆ ಪಡೆದವರು ಮೊದಲಾದವರಿಗೆ ಮ್ಯಾಮೋಗ್ರಫಿಯ ಜೊತೆಗೆ ವರ್ಷಕ್ಕೊಮ್ಮೆ ಎಂಆರ್‌ಐ ಇರಲಿ ಎಂದಿತು. ಅಪಾಯ ಶೇ 15ಕ್ಕಿಂತ ಕಡಿಮೆ ಇರುವವರಿಗೆ ಬೇಡವೆಂದೇ ಹೇಳಿತು.

ಇನ್ನು ನಿಮ್ಮದೇ ವಿಚಾರ. ಐವತ್ತು ದಾಟಿದ ಮೇಲೆ ಒಬ್ಬ ಚಿಕ್ಕಮ್ಮನಿಗೆ ಕಾಯಿಲೆ ಬಂದದ್ದರಿಂದಲೇ ನೀವು ಹೆಚ್ಚಿನ ಅಪಾಯದ ಗುಂಪಿಗೆ ಸೇರುವುದಿಲ್ಲ. ಕುಟುಂಬದಲ್ಲಿ ಹಲವರಿಗೆ ಅಥವಾ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್, ಇಲ್ಲವೇ ಅಂಡಾಶಯದ ಕ್ಯಾನ್ಸರ್ ಬಂದದ್ದುಂಟೇ ಎಂದು ಕೇಳಿ ನೋಡಿ. ನೀವು ತಾಯಿಯ ಕಡೆಯವರನ್ನು ಮಾತ್ರ ಎಣಿಸಿದ್ದೀರಿ. ದೋಷವುಳ್ಳ ವಂಶವಾಹಿ ತಂದೆಯಿಂದಲೂ ಬರಬಹುದಾದ್ದರಿಂದ ತಂದೆಯ ಕಡೆಯ ಅತ್ತೆಯಂದಿರ, ಅಜ್ಜಿಯ ಚರಿತ್ರೆಯೂ ಬೇಕು. ಆ ವಂಶವೃಕ್ಷವನ್ನು ವೈದ್ಯರ ಮುಂದಿಟ್ಟ ಮೇಲೆ ಅವರು ಹೇಳಿದ್ದನ್ನೂ ಲೇಖನಕ್ಕೆ ಸೇರಿಸಿ, ಮತ್ತೆ ಕಳುಹಿಸಿ.

ಇತಿ,
ಸಂಪಾದಕ