‘ಅಣ್ಣ’ ಅಂದಮೇಲೆ

ದಾವಣಗೆರೆಯಿಂದ ನಿವೃತ್ತ ಶಿಕ್ಷಕಿಯೊಬ್ಬರು ಐದು ಪುಟದ ಪತ್ರ ಬರೆದಿದ್ದಾರೆ. ರಾತ್ರಿ ಊಟ ಮುಗಿಸಿ ಮೊಮ್ಮಗಳ ಜೊತೆ ಕೊರಿಯಾ, ಚೀನಾದ ಸೀರಿಯಲ್ ನೋಡುವುದು ಅವರಿಗೆ ಎರಡು ವರ್ಷದಿಂದ ರೂಢಿ. ಪತ್ರದ ಸಾರ ಇಷ್ಟು: ಕೊರಿಯಾದವರು 16 ಕಂತಿಗೆ ಕಥೆ ಮುಗಿಸುತ್ತಾರೆ, ನಮ್ಮವರಿಗೆ ಯಾಕೆ ಆಗುವುದಿಲ್ಲ? ಚೀನಾದವರ ತುಟಿಗೂ ದನಿಗೂ ತಾಳೆಯಾಗುವುದಿಲ್ಲ. ಹುಡುಗಿ ‘ಒಪ್ಪಾ’, ಅಂದರೆ ಅಣ್ಣ ಎಂದು ಕರೆದವನನ್ನೇ ಮದುವೆಯಾಗುವುದು ನೋಡಲಾಗುವುದಿಲ್ಲ. ಅಪ್ಪ, ಅಮ್ಮ ಎಂಬ ಪದಗಳು ನಮ್ಮಿಂದಲೇ ಅಲ್ಲಿಗೆ ಹೋಗಿರಬೇಕು. ಕೊರಿಯಾದ ಸಿನಿಮಾ ‘ಪ್ಯಾರಸೈಟ್’ ನೋಡಿ ನಿದ್ದೆ ಕೆಟ್ಟಿತು. ಕೊನೆಗೊಂದು ಮಾತು: ‘ಕೆಳಗೆ ಇಂಗ್ಲಿಷ್ ಬರುತ್ತದಲ್ಲ, ಭಾಷೆ ಗೊತ್ತಿಲ್ಲದಿದ್ದರೂ ಏನೂ ತಪ್ಪಿಹೋಗುವುದಿಲ್ಲ.’ ಕೊರಿಯಾ, ಚೀನಾ ಎರಡರಲ್ಲಿ ಯಾವುದು ಮೇಲು ಎಂದು ನನ್ನನ್ನು ಕೇಳಿದ್ದಾರೆ.

ಮೇಡಂ, ನಮಸ್ಕಾರ.

ನಿಮ್ಮ ಪತ್ರ ನಮ್ಮ ಆಫೀಸಿನಲ್ಲಿ ಮೇಜಿನಿಂದ ಮೇಜಿಗೆ ಓಡಾಡಿತು. ಜಾಸ್ತಿ ಕಡೆ ನಿಮ್ಮ ಮಾತಿಗೆ ಹೌದು ಅನ್ನುವವನೇ ನಾನು. ಆದರೆ ಆ ಕೊನೆಯ ಮಾತು ಮಾತ್ರ ಒಪ್ಪಲಾರೆ. ತಪ್ಪಿಹೋಗುತ್ತದೆ ಮೇಡಂ, ತುಂಬಾ ತಪ್ಪಿಹೋಗುತ್ತದೆ. ಅದೂ ಕನ್ನಡದವರಿಗೆ ಯಾರೂ ಬಿಡಿಸಿ ಹೇಳದೆ ಅರ್ಥವಾಗುವಂಥದ್ದೇ ತಪ್ಪಿಹೋಗುತ್ತದೆ.

2021ರಲ್ಲಿ ಬಂದ ‘ಸ್ಕ್ವಿಡ್ ಗೇಮ್’, ದುಡ್ಡಿಗಾಗಿ ಪ್ರಾಣ ಒತ್ತೆಯಿಟ್ಟು ಆಡುವವರ ಕೊರಿಯಾ ಸೀರಿಯಲ್, ಅರ್ಧಕ್ಕೇ ಬಿಟ್ಟೆ ಎಂದಿದ್ದೀರಿ. ರಕ್ತ ಜಾಸ್ತಿ, ನಿಜ. ಆದರೂ ಅದರಲ್ಲಿ ಅಲಿ ಎಂಬ ಪಾಕಿಸ್ತಾನಿ ಕೂಲಿಯವನೊಬ್ಬ ಇದ್ದಾನಲ್ಲ, ನಮ್ಮ ದೆಹಲಿಯ ಅನುಪಮ್ ತ್ರಿಪಾಠಿ ಮಾಡಿದ ಪಾತ್ರ, ಅವನನ್ನು ಸ್ವಲ್ಪ ಕೇಳಿಸಿಕೊಳ್ಳಬೇಕಿತ್ತು. ಸಾಂಗ್‌ವೂ ಎನ್ನುವ ಜೊತೆ ಆಟಗಾರ ಬಸ್ ಚಾರ್ಜಿಗೆ ದುಡ್ಡು ಕೊಟ್ಟ ಋಣಕ್ಕೆ ಅಲಿ ಅವನನ್ನು ‘ಸಾಜಂಗ್‌ನಿಮ್’ ಎಂದು ಕರೆಯುತ್ತಾನೆ. ಕಂಪನಿ ಯಜಮಾನನಿಗೆ ಅನ್ನುವ ಮಾತು. ನಮ್ಮ ಕಡೆ ‘ಧಣಿ’ ಅಂದಹಾಗೆ. ಆಮೇಲೆ ಸಾಂಗ್‌ವೂನೇ ಹೇಳುತ್ತಾನೆ, ಅದೆಲ್ಲ ಬೇಡ, ‘ಹ್ಯೊಂಗ್’ ಅನ್ನು. ಗಂಡಸು ತನ್ನ ಅಣ್ಣನಿಗೆ ಅನ್ನುವ ಪದ ಅದು. ಇಂಗ್ಲಿಷ್ ಸಾಲಿನಲ್ಲಿ ಇದು ‘ಹೆಸರು ಹಿಡಿದು ಕರೆ’ ಎಂದಾಗಿಬಿಟ್ಟಿದೆ. ಆರನೇ ಕಂತಿನಲ್ಲಿ ಗೋಲಿ ಆಟ. ಸೋತವರಿಗೆ ಸಾವು. ನಿನ್ನ ಗೋಲಿ ಜೋಪಾನವಾಗಿರಲಿ ಎಂದು ಸಾಂಗ್‌ವೂ ಅಲಿಯ ಕೊರಳಿಗೆ ಒಂದು ಚೀಲ ಕಟ್ಟುತ್ತಾನೆ. ಒಳಗಿರುವುದು ಕಲ್ಲು. ಅದು ಗೊತ್ತಿಲ್ಲದ ಅಲಿ ಅವನನ್ನು ಹುಡುಕಿಕೊಂಡು ‘ಹ್ಯೊಂಗ್’ ಎಂದು ಕೂಗುತ್ತಾನೆ. ಹೆಸರು ಹಿಡಿದು ಕರೆದವನಿಗೆ ಮೋಸ ಮಾಡಿದರೆ ಅದು ಮೋಸ ಅಷ್ಟೆ. ಅಣ್ಣಾ ಎಂದು ಕರೆ ಎಂದು ತಾನೇ ಹೇಳಿ ಹೀಗೆ ಮಾಡಿದರೆ? ಅದಕ್ಕೆ ಏನನ್ನುತ್ತಾರೆ ಎಂದು ದಾವಣಗೆರೆಯವರಿಗೆ ನಾನು ಹೇಳಬೇಕಿಲ್ಲ.

ಈಗ ನಿಮ್ಮ ‘ಒಪ್ಪಾ’ ತಕರಾರು. ಹುಡುಗಿ ಸ್ವಂತ ಅಣ್ಣನಿಗೂ ಒಪ್ಪಾ ಅನ್ನುತ್ತಾಳೆ, ಸಲಿಗೆಯ ಹಿರಿಯ ಗೆಳೆಯನಿಗೂ ಅನ್ನುತ್ತಾಳೆ, ಪ್ರೀತಿಸಿದವನಿಗೂ ಅನ್ನುತ್ತಾಳೆ. ಇದನ್ನು ‘ಅಣ್ಣ’ ಎಂದು ತಂದುಕೊಂಡರೆ ನಮಗೆ ಮೈ ಜುಮ್ಮೆನ್ನುತ್ತದೆ, ಸಹಜ. ಅಣ್ಣನಿಗೆ ಹೇಳಿದಾಗ ಅಣ್ಣ ಅಂದುಕೊಳ್ಳಿ. ಪ್ರೀತಿಯವನಿಗೆ ಹೇಳಿದಾಗ ಮಂಡ್ಯ ಕಡೆಯ ‘ಮಾವ’ ಇಟ್ಟು ನೋಡಿ. ತಕ್ಷಣ ಸರಿಹೋಗುತ್ತದೆ! ಆದರೆ ಈ ಮಾವನ ವಿಷಯ ಕೊರಿಯಾದವರಿಗೆ ಹೇಳಬೇಡಿ. ಸೋದರಮಾವನ ಮಗಳನ್ನು ಮದುವೆಯಾಗುವುದು ಅಲ್ಲಿ ಕಾನೂನೇ ಒಪ್ಪದ ಮಾತು. ನಮ್ಮ ಅರ್ಧ ಊರೇ ಅವರ ಪ್ರಕಾರ ತಪ್ಪಿತಸ್ಥರು.

ಇನ್ನೊಂದು ಇದೆ. ಕೊರಿಯನ್‌ನಲ್ಲಿ ಮರ್ಯಾದೆಯ ಮಾತು ಬೇರೆ, ಸಲಿಗೆಯ ಮಾತು ಬೇರೆ. ಸಲಿಗೆಯದಕ್ಕೆ ‘ಬನ್‌ಮಾಲ್’ ಅನ್ನುತ್ತಾರೆ. ಪ್ರೇಮಕಥೆಗಳಲ್ಲಿ ಎಷ್ಟೋ ಸಲ ಐದಾರು ಕಂತು ಇಬ್ಬರೂ ಬಹುವಚನದಲ್ಲೇ ಇರುತ್ತಾರೆ. ಆಮೇಲೆ ಒಂದು ಸಂಜೆ, ರಸ್ತೆಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಇನ್ನು ಮಾತು ಇಳಿಸೋಣವಾ ಎಂದು ಒಬ್ಬರು ಕೇಳುತ್ತಾರೆ. ‘ಇಳಿಸು’ ಅನ್ನುವ ಅರ್ಥದ ಪದವೇ ಅದು. ತಲೆಯ ಮೇಲಿನ ಹೊರೆ ಇಳಿಸಿದ ಹಾಗೆ. ‘ನೀವು-ಗೀವು ಬೇಡ ಇನ್ಮೇಲೆ’ ಎಂದು ನಮ್ಮಲ್ಲಿ ಹೇಳುವುದಿಲ್ವಾ, ಅದೇ. ಇಂಗ್ಲಿಷಿನಲ್ಲಿ ಎರಡಕ್ಕೂ ಇರುವುದು ಒಂದೇ ‘ಯು’. ಪಾಪ, ಅನುವಾದಕರಾದರೂ ಏನು ಮಾಡಬೇಕು? ಮುಂದಿನ ಸಲ ನೋಡುವಾಗ ವಾಕ್ಯದ ಕೊನೆಯಲ್ಲಿ ಮರ್ಯಾದೆಯ ‘ಯೊ’ ಬರುತ್ತಾ ಎಂದು ಕಿವಿಗೊಡಿ. ಇಬ್ಬರ ನಡುವೆ ಅದು ನಿಂತುಹೋದ ದಿನ ಏನೋ ನಡೆದಿದೆ ಎಂದೇ ಅರ್ಥ. ನಿಮ್ಮ ಮೊಮ್ಮಗಳಿಗೆ ಇದು ಆಗಲೇ ಗೊತ್ತಿರುತ್ತದೆ, ಕೇಳಿ ನೋಡಿ.

ಅಪ್ಪ, ಅಮ್ಮ ನಮ್ಮಿಂದಲೇ ಹೋಗಿವೆ ಎಂಬ ವಾದಕ್ಕೆ ಬರುತ್ತೇನೆ. ಅಲ್ಲಿ ‘ಆಪ್ಪಾ’, ‘ಅಮ್ಮಾ’ ಎಂದು ಕೇಳಿಸುವುದು ನಿಜ. ಕ್ರಿಯಾಪದ ಕೊನೆಗೆ ಬರುವುದೂ ನಿಜ. ಕಳೆದ ಶತಮಾನದ ಆರಂಭದಲ್ಲೇ ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಪಾದ್ರಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿ ಒಂದು ವ್ಯಾಕರಣದ ಪುಸ್ತಕವನ್ನೇ ಬರೆದಿದ್ದರು. ಆದರೆ ಇವತ್ತಿನ ಭಾಷಾವಿಜ್ಞಾನಿಗಳು ಆ ನಂಟನ್ನು ಒಪ್ಪುವುದಿಲ್ಲ. ಹಲ್ಲು ಬಾರದ ಮಗುವಿನ ಬಾಯಲ್ಲಿ ಮೊದಲು ಬರುವುದೇ ಪ, ಮ. ಲೋಕದಲ್ಲಿ ಎಷ್ಟೋ ಭಾಷೆಗಳಲ್ಲಿ ಹೀಗೇ. ನನಗೆ ನಂಟು ಕಾಣುವುದು ಬೇರೆ ಕಡೆ. 2015ರಲ್ಲಿ ಶುರುವಾದ ‘ರಿಪ್ಲೈ 1988’ ಮೊದಲ ಕಂತು ಮತ್ತೊಮ್ಮೆ ನೋಡಿ. ಸೋಲ್ ನಗರದ ಒಂದು ಗಲ್ಲಿ, ಸಂಜೆ ಹೊತ್ತು. ಒಂದು ಮನೆಯಿಂದ ಒಂದು ಬಟ್ಟಲು ಪಲ್ಯ ಪಕ್ಕದ ಮನೆಗೆ ಹೋಗುತ್ತದೆ. ಖಾಲಿ ಬಟ್ಟಲು ವಾಪಸ್ ಕಳಿಸುವುದು ಹೇಗೆ? ಅವರದೇನೋ ಹಾಕಿ ಕಳಿಸುತ್ತಾರೆ. ಅಷ್ಟರಲ್ಲಿ ಮೂರನೇ ಮನೆಯಿಂದ ಇನ್ನೊಂದು. ಮಕ್ಕಳು ಬಟ್ಟಲು ಹಿಡಿದು ಓಡಾಡಿ ಓಡಾಡಿ ಸುಸ್ತಾಗುತ್ತಾರೆ. ಹೆಂಗಸರು ಒಬ್ಬರನ್ನೊಬ್ಬರು ಕರೆಯುವುದು ಇಂಥವನ ಅಮ್ಮ, ಇಂಥವಳ ಅಮ್ಮ ಎಂದೇ. ಎದುರು ಸಿಕ್ಕವರಿಗೆ ಕೇಳುವುದು ಊಟ ಆಯ್ತಾ ಎಂದೇ. ನಮ್ಮಮ್ಮ ಈಗಲೂ ಫೋನೆತ್ತಿದರೆ ಮೊದಲ ಮಾತು ಅದೇ, ಬೆಳಿಗ್ಗೆ ಹನ್ನೊಂದಾಗಿದ್ದರೂ ಸರಿ.

16 ಕಂತಿನ ವಿಷಯದಲ್ಲಿ ಮಾತ್ರ ನಮ್ಮ ಸೀರಿಯಲ್‌ನವರ ಪರ ಸ್ವಲ್ಪ ನಿಲ್ಲುತ್ತೇನೆ. ನೀವು ನೋಡುವುದು ವಾರಕ್ಕೆ ಎರಡು ದಿನ, ಒಂದೊಂದು ಗಂಟೆಗೂ ಮೇಲೆ ಬರುವ ಜಾತಿಯವು. ನಮ್ಮದು ದಿನಾ ಅರ್ಧ ಗಂಟೆ. ಕೊರಿಯಾದಲ್ಲೂ ದಿನದ ಸೀರಿಯಲ್‌ಗಳು ಇವೆ, ಅವು ಆರಾಮಾಗಿ ನೂರು ದಾಟುತ್ತವೆ. ಅಲ್ಲಿನ ಒಂದು ಹಳ್ಳಿ ಕಥೆಯ ಧಾರಾವಾಹಿ 1980ರಿಂದ 2002ರವರೆಗೆ 1,088 ಕಂತು ಓಡಿತು. ಅವು ನಮ್ಮ ಮೊಬೈಲಿನವರೆಗೆ ಬರುವುದು ಕಡಿಮೆ. ಪಕ್ಕದ ಮನೆಯವರು ನಮಗೆ ಕಳಿಸುವುದು ಚೆನ್ನಾಗಿ ಬಂದ ಪಲ್ಯವನ್ನೇ ಅಲ್ವಾ?

ಚೀನಾದ ಸೀರಿಯಲ್‌ಗಳ ಉದ್ದಕ್ಕೆ ಕಾರಣ ಸರಳ. ಅಲ್ಲಿ ಕಂತಿಗೆ ಇಷ್ಟು ಎಂದು ಮಾರಾಟ. ಕಂತು ಹೆಚ್ಚಿದಷ್ಟೂ ದುಡ್ಡು. ಹೀಗೆ ಎಳೆದದ್ದಕ್ಕೆ ಅಲ್ಲಿನ ನೋಡುಗರು ‘ನೀರು ತುಂಬಿಸಿದ್ದು’ ಎಂದು ಬೈಯುತ್ತಾರೆ. ನಮ್ಮ ಹಾಲಿನವನಿಗೆ ಬೈದಂತೆ. ಕೊನೆಗೆ 2020ರ ಫೆಬ್ರುವರಿಯಲ್ಲಿ ಸರ್ಕಾರವೇ ಹೇಳಿತು: 40 ಕಂತು ದಾಟಬೇಡಿ, 30ರೊಳಗೆ ಮುಗಿಸಿದರೆ ಒಳ್ಳೆಯದು.

ತುಟಿ ಮತ್ತು ದನಿಯ ಬಗ್ಗೆ ನೀವು ಗಮನಿಸಿದ್ದು ನೂರಕ್ಕೆ ನೂರು ಸರಿ. ಐತಿಹಾಸಿಕ ಕಥೆಗಳು ಹೆಚ್ಚಾಗಿ ಝೆಜಿಯಾಂಗ್ ಪ್ರಾಂತ್ಯದ ಹೆಂಗ್‌ಡ್ಯೆನ್ ಸ್ಟುಡಿಯೋದಲ್ಲಿ ತಯಾರಾಗುತ್ತವೆ. ಅರಮನೆಯ ಆಚೆ ಅಂಗಳದಲ್ಲಿ ಇನ್ನೊಂದು ತಂಡದ ಯುದ್ಧ ನಡೆಯುತ್ತಿರುತ್ತದೆ, ಪಕ್ಕದಲ್ಲಿ ಪ್ರವಾಸಿಗರು. ಜೊತೆಗೆ ನಟರದು ಒಬ್ಬೊಬ್ಬರದು ಒಂದೊಂದು ಊರಿನ ಉಚ್ಚಾರ. ಹಾಗಾಗಿ ದನಿಯನ್ನು ಎಷ್ಟೋ ಸಲ ಆಮೇಲೆ ಬೇರೆಯವರು ಕೊಡುತ್ತಾರೆ. ಇದನ್ನು ನಾವು ಆಡಿಕೊಳ್ಳುವಂತಿಲ್ಲ. ನಮ್ಮ ಎಷ್ಟು ನಾಯಕಿಯರ ಮುಖ ಮುಂಬೈಯದು, ದನಿ ಬೆಂಗಳೂರಿನದು!

ಆದರೆ ದನಿ ತಮ್ಮದಲ್ಲದ ಮಾತ್ರಕ್ಕೆ ಅಭಿನಯ ಇಲ್ಲ ಎನ್ನಬೇಡಿ. 2011ರ ‘ಎಂಪ್ರೆಸಸ್ ಇನ್ ದ ಪ್ಯಾಲೇಸ್’ 76 ಕಂತು. ನಾಯಕಿ ಝೆನ್ ಹ್ವಾನ್ ಪಾತ್ರ ಮಾಡಿದವರು ಸುನ್ ಲಿ, ದನಿ ಜಿ ಗ್ವಾನ್‌ಲಿನ್ ಅವರದು. ಅದರಲ್ಲಿ ‘ನಾನು’ ಎಂಬ ಒಂದು ಪದಕ್ಕೆ ಎಷ್ಟು ರೂಪ ಗೊತ್ತಾ? ಚಕ್ರವರ್ತಿ ತನ್ನನ್ನು ‘ಝೆನ್’ ಅನ್ನುತ್ತಾನೆ, ಬೇರೆ ಯಾರೂ ಹಾಗನ್ನುವಂತಿಲ್ಲ. ರಾಣಿ ಅವನೆದುರು ‘ಚನ್‌ಚ್ಯೆ’, ತಮ್ಮ ದಾಸಿ ಎನ್ನುವ ಧಾಟಿ. ಅದೇ ರಾಣಿ ತನ್ನ ಕೈಕೆಳಗಿನವರ ಎದುರು ‘ಬನ್‌ಗೊಂಗ್’, ಈ ಅರಮನೆಯ ಒಡತಿ. ಬೆನ್ನು ತಿರುಗಿಸುವಷ್ಟರಲ್ಲಿ ‘ನಾನು’ ಬದಲಾಗಿರುತ್ತದೆ. ಇಂಗ್ಲಿಷಿನಲ್ಲಿ ಎಲ್ಲ ‘ಐ’. ನೀವು ಬರೀ ಸವತಿಯರ ಜಗಳ ಎಂದು ತಳ್ಳಿಹಾಕಿದ್ದು ಇದನ್ನೇ. ಹತ್ತು ಕಂತು ತಡೆದುಕೊಳ್ಳಿ, ಕೇಳುತ್ತಾ ನೋಡಿ. ನಾನು ನೋಡಿದ ಕೊರಿಯಾದ ಯಾವ ಅರಮನೆ ಕಥೆಯೂ ಇದರ ಬರವಣಿಗೆಗೆ ಸಾಟಿಯಲ್ಲ. ಯಾವುದು ಮೇಲು ಎಂದು ಕೇಳಿದಿರಲ್ಲ, ನನ್ನ ಲೆಕ್ಕ ಹೀಗೆ: ಅಡುಗೆಮನೆ ಕೊರಿಯಾದವರದು, ಅರಮನೆ ಚೀನಾದವರದು.

‘ಪ್ಯಾರಸೈಟ್’ ನಿದ್ದೆ ಕೆಡಿಸಲೆಂದೇ ಮಾಡಿದ ಸಿನಿಮಾ. ನಾಲ್ಕು ಆಸ್ಕರ್ ಬಂದದ್ದು ಸುಮ್ನೆ ಅಲ್ಲ. ಅದರಲ್ಲೂ ಒಂದು ತಮಾಷೆ ಇದೆ. ಅಣ್ಣನಿಗೆ ಸುಳ್ಳು ಸರ್ಟಿಫಿಕೇಟ್ ಮಾಡಿಕೊಟ್ಟ ತಂಗಿಯನ್ನು ಅಪ್ಪ ಹೊಗಳುತ್ತಾ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಹೆಸರು ಹೇಳುತ್ತಾನೆ. ಕೆಳಗೆ ಬರುವ ಸಾಲಿನಲ್ಲಿ ಅದು ಆಕ್ಸ್‌ಫರ್ಡ್!

ಕೊನೆಗೆ, ಇಂಗ್ಲಿಷ್ ಸಾಲಿನ ಹಂಗು ಅಷ್ಟಾಗಿ ಬೇಡದ ಒಂದು ಕೊರಿಯಾ ಸಿನಿಮಾ ಹೇಳುತ್ತೇನೆ. 2002ರ ‘ದ ವೇ ಹೋಮ್’, ನಿರ್ದೇಶಕಿ ಲೀ ಜಂಗ್‌ಹ್ಯಾಂಗ್. ಮಾತು ಬಾರದ ಹಳ್ಳಿಯ ಅಜ್ಜಿ, ಸೋಲ್‌ನಿಂದ ಬಂದಿಳಿದ ಹಟಮಾರಿ ಮೊಮ್ಮಗ. ಅವನಿಗೆ ಪೇಟೆಯ ಕೆಂಟಕಿ ಚಿಕನ್ ಬೇಕು. ಅಜ್ಜಿಗೆ ತಿಳಿಯುವುದು ಕೋಳಿ ಎಂಬಷ್ಟೇ. ಮಳೆಯಲ್ಲಿ ನೆಂದು ಜೀವಂತ ಕೋಳಿ ತಂದು, ಇಡಿಯಾಗಿ ಬೇಯಿಸಿ ಮುಂದಿಡುತ್ತಾಳೆ. ಇದಲ್ಲ ನಾನು ಕೇಳಿದ್ದು ಎಂದು ಅವನು ಅಳುತ್ತಾನೆ. ಅಜ್ಜಿ ಅಂಗೈಯನ್ನು ಎದೆಯ ಮೇಲೆ ದುಂಡಗೆ ಸವರಿಕೊಳ್ಳುತ್ತಾಳೆ. ಅವಳ ಭಾಷೆಯಲ್ಲಿ ಅದು ‘ತಪ್ಪಾಯ್ತು’. ರಾತ್ರಿ ಹಸಿವು ತಡೆಯದೆ ಹುಡುಗ ಎದ್ದು ಕೂತು ಅದೇ ಕೋಳಿ ತಿನ್ನುತ್ತಾನೆ.

ನೀವು ಸಸ್ಯಾಹಾರಿ ಎಂದು ಪತ್ರದಲ್ಲಿ ಎರಡು ಸಲ ಬರೆದಿದ್ದೀರಿ. ಆ ಒಂದು ದೃಶ್ಯಕ್ಕೆ ದಯವಿಟ್ಟು ಕಣ್ಣು ಮುಚ್ಚಿಕೊಳ್ಳಬೇಡಿ. ನೋಡಿ ಮುಗಿದಮೇಲೆ ಬರೆಯಿರಿ. ಮೊಮ್ಮಗಳನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ.

ಸಂಪಾದಕ