ನರ್ಸಿಂಗ್ ಎಂದರೆ ಡಾಕ್ಟರ್ ಹೇಳಿದ್ದನ್ನು ಮಾಡುವ ಕೆಲಸವಷ್ಟೇ ಅಲ್ಲವೇ?

ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ ನಿಮ್ಮ ಮಗಳು ಬಿ.ಎಸ್ಸಿ. ನರ್ಸಿಂಗ್ ಸೇರುವ ಹಟ ಹಿಡಿದಿದ್ದಾಳೆಂದೂ, ಮನೆಯ ಹಿರಿಯರು ‘ಡಾಕ್ಟರ್ ಹೇಳಿದ್ದನ್ನು ಮಾಡುವುದಕ್ಕೆ ನಾಲ್ಕು ವರ್ಷ ಓದಬೇಕೇ’ ಎನ್ನುತ್ತಿದ್ದಾರೆಂದೂ ಬರೆದಿದ್ದೀರಿ. ಕೊಡಗಿನಲ್ಲಿಯೇ ಮೂವತ್ತೊಂದು ವರ್ಷ ಈ ಕೆಲಸ ಮಾಡಿ ನಿವೃತ್ತಳಾದ ನಾನು ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. ಔಷಧಿ ಬರೆಯುವವರು ವೈದ್ಯರು, ಕೊಡುವವರು ನಾವು. ಆದರೆ ವೈದ್ಯರು ರೌಂಡ್ಸ್ ಮುಗಿಸಿ ಹೋದ ಮೇಲೆ ಉಳಿದ ಹಗಲು ರಾತ್ರಿಯೆಲ್ಲ ಆ ರೋಗಿಯ ದೇಹದಲ್ಲಿ ಏನಾಗುತ್ತಿದೆ ಎಂದು ನೋಡಿ, ಅಳೆದು, ಬರೆದು, ಯಾವ ಹೊತ್ತಿನಲ್ಲಿ ವೈದ್ಯರನ್ನು ನಿದ್ದೆಯಿಂದ ಎಬ್ಬಿಸಬೇಕೆಂದು ತೀರ್ಮಾನಿಸುವವಳು ನರ್ಸ್. ಆ ತೀರ್ಮಾನವನ್ನು ಯಾರೂ ಹೇಳಿಕೊಡುವುದಿಲ್ಲ. ಓದು ಇರುವುದು ಅದಕ್ಕಾಗಿ.

ನಮ್ಮೂರಿನದೇ ಒಂದು ಉದಾಹರಣೆ ಕೊಡುತ್ತೇನೆ. ಫೆಬ್ರವರಿ, ಮಾರ್ಚ್ ಬಂತೆಂದರೆ ಕರಿಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಕ್ಕೆ ಏಣಿ ಇಟ್ಟು ಹತ್ತಿ, ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ಪರ್ಶವೇ ಇಲ್ಲದೆ ಮಲಗುವವರು ಬರುತ್ತಾರೆ. ಶಸ್ತ್ರಚಿಕಿತ್ಸೆ ಎಷ್ಟೇ ಚೆನ್ನಾಗಿ ನಡೆದಿರಲಿ, ಹಾಸಿಗೆ ಹುಣ್ಣಾದರೆ ಅದೇ ಅವರ ಪ್ರಾಣಕ್ಕೆ ಕುತ್ತು. ಎರಡು ಗಂಟೆಗೊಮ್ಮೆ, ಬೆನ್ನು ಸ್ವಲ್ಪವೂ ತಿರುಚಿಕೊಳ್ಳದಂತೆ, ಮೂರು ನಾಲ್ಕು ಜನ ಸೇರಿ ಮರದ ದಿಮ್ಮಿ ಹೊರಳಿಸುವ ಹಾಗೆ ಮಗ್ಗುಲು ಬದಲಿಸಬೇಕು. ಪ್ರತಿ ಸಲವೂ ಬಾಲದ ಮೂಳೆಯ ಜಾಗ, ಹಿಮ್ಮಡಿಗಳನ್ನು ನೋಡಬೇಕು. ಚರ್ಮ ಕೆಂಪಾಗಿದ್ದಲ್ಲಿ ಬೆರಳಿನಿಂದ ಒತ್ತಿದಾಗ ಬಿಳಿಚಿಕೊಳ್ಳದೆ ಹಾಗೆಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದು ಪುಸ್ತಕ ಹೇಳುತ್ತದೆ. ಆದರೆ ಬಿಸಿಲಲ್ಲಿ ದುಡಿದ ನಮ್ಮ ತೋಟದ ಕೆಲಸಗಾರರ ಕಪ್ಪು ಚರ್ಮದ ಮೇಲೆ ಆ ಕೆಂಪು ಕಾಣಿಸುವುದೇ ಇಲ್ಲ. ಅಂಗೈ ಇಟ್ಟು ನೋಡಬೇಕು: ಸುತ್ತಲಿನ ಚರ್ಮಕ್ಕಿಂತ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ ಎಂದು. ಇದನ್ನು ಯಾವ ವೈದ್ಯರೂ ಕೇಸ್ ಶೀಟಿನಲ್ಲಿ ಬರೆದು ಹೋಗುವುದಿಲ್ಲ.

ಇನ್ನೊಂದು ನನ್ನದೇ ತಪ್ಪು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಜುಲೈ ತಿಂಗಳ ಒಂದು ರಾತ್ರಿ, ಮಳೆಗೆ ಕರೆಂಟ್ ಹೋಗಿತ್ತು. ಗದ್ದೆಯಲ್ಲಿ ನಾಟಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ಜ್ವರವೆಂದು ದಾಖಲಾಗಿದ್ದಳು. ಟೆಂಪರೇಚರ್ ನೋಡಿದೆ, ನಾಡಿ ನೋಡಿದೆ, ಬಿಪಿ ನೋಡಿದೆ. ಉಸಿರಾಟದ ಕಾಲಂನಲ್ಲಿ ಮಾತ್ರ, ಹಿಂದಿನ ಪಾಳಿಯವರು 20 ಎಂದು ಬರೆದಿದ್ದರಿಂದ, ನಾನೂ 20 ಎಂದು ಬರೆದೆ. ಬೆಳಗಿನ ಜಾವ ಬಂದ ಹೆಡ್ ಸಿಸ್ಟರ್ ಚಾರ್ಟ್ ನೋಡಿ, ಏನೂ ಮಾತಾಡದೆ, ತಮ್ಮ ಗಡಿಯಾರ ಬಿಚ್ಚಿ ನನ್ನ ಕೈಗಿಟ್ಟು ಹಾಸಿಗೆಯ ಪಕ್ಕ ನಿಲ್ಲಿಸಿದರು. ಪೂರ್ತಿ ಒಂದು ನಿಮಿಷ ಎಣಿಸಿದೆ: 34. ಇಲಿ ಜ್ವರ ಶ್ವಾಸಕೋಶಕ್ಕೆ ತಗುಲಿತ್ತು. ಆಕೆಯನ್ನು ಮೈಸೂರಿಗೆ ಕಳುಹಿಸಿದರು, ಬದುಕಿಕೊಂಡಳು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ದೊಡ್ಡವರಲ್ಲಿ ಉಸಿರು ನಿಮಿಷಕ್ಕೆ 12ರಿಂದ 20ರೊಳಗಿರಬೇಕು, ಮತ್ತು ದೇಹ ಕೆಡುವಾಗ ಎಷ್ಟೋ ಸಲ ಬಿಪಿ ಇಳಿಯುವ ಬಹಳ ಮೊದಲೇ ಉಸಿರು ಏರುತ್ತದೆ. ಆದರೂ ಎಣಿಸದೆ ಬರೆದುಬಿಡುವುದು ಅದನ್ನೇ.

ಈ ವೃತ್ತಿ ಬೆಳೆದ ಬಗೆಯನ್ನು ನೋಡಿದರೂ ಮೊದಲು ಬಂದದ್ದು ಎಣಿಕೆಯೇ. ಇಂಗ್ಲೆಂಡಿನ ನರ್ಸ್ ಫ್ಲಾರೆನ್ಸ್ ನೈಟಿಂಗೇಲ್ 1854ರ ನವೆಂಬರಿನಲ್ಲಿ 38 ಮಂದಿ ಮಹಿಳೆಯರೊಂದಿಗೆ ಕ್ರಿಮಿಯಾ ಯುದ್ಧದ ಸ್ಕುಟಾರಿ ಆಸ್ಪತ್ರೆ ತಲುಪಿದಾಗ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ಕಾಲರಾ, ಟೈಫಸ್, ಭೇದಿಗಳಿಂದ ಸಾಯುತ್ತಿದ್ದರು. ಆಕೆ ಹೋದೊಡನೆ ಸಾವು ನಿಲ್ಲಲಿಲ್ಲ. 1855ರ ವಸಂತದಲ್ಲಿ ನೈರ್ಮಲ್ಯ ಆಯೋಗವೊಂದು ಬಂದು ಚರಂಡಿಗಳನ್ನು ಶುಚಿಗೊಳಿಸಿದ ಮೇಲೆ ಇಳಿಯಿತು. ಊರಿಗೆ ಮರಳಿದ ಆಕೆ ಆ ಲೆಕ್ಕವನ್ನೆಲ್ಲ ನಕ್ಷೆ ಮಾಡಿ ಸರ್ಕಾರದ ಮುಂದಿಟ್ಟಳು, 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆಸಿದಳು. ನಮ್ಮ ಕಾಲೇಜುಗಳಲ್ಲಿ ದೀಪ ಹಿಡಿದ ಆಕೆಯ ಚಿತ್ರ ತೂಗುಹಾಕುತ್ತಾರೆ. ಲೆಕ್ಕದ ಪುಸ್ತಕ ಹಿಡಿದ ಚಿತ್ರವಿದ್ದರೆ ಇನ್ನೂ ಸರಿಯಾಗುತ್ತಿತ್ತೆಂದು ನನ್ನ ಅನಿಸಿಕೆ.

ಭಾರತದಲ್ಲಿ 1888ರಲ್ಲಿ ಇಂಗ್ಲೆಂಡಿನಿಂದ ಮುಂಬಯಿಗೆ ಬಂದಿಳಿದ ಹತ್ತು ಮಂದಿ ನರ್ಸುಗಳಿಂದ ಇಂದಿನ ಮಿಲಿಟರಿ ನರ್ಸಿಂಗ್ ಸರ್ವಿಸ್ ಬೆಳೆಯಿತು. ಅಲ್ಲಿಗೆ ಸೇರುವ ಹುಡುಗಿ ಲೆಫ್ಟಿನೆಂಟ್ ಆಗಿ ಸೇರುತ್ತಾಳೆ ಎಂಬುದು ಮನೆಗೊಬ್ಬ ಫೌಜಿಯಿರುವ ನಮ್ಮ ಜಿಲ್ಲೆಯಲ್ಲಿ ಹಿರಿಯರಿಗೆ ಬೇಗ ಅರ್ಥವಾಗುವ ಮಾತು. ದೆಹಲಿಯಲ್ಲೂ ವೆಲ್ಲೂರಿನಲ್ಲೂ ಪದವಿ ತರಗತಿಗಳು ಆರಂಭವಾದದ್ದು 1946ರಲ್ಲಿ, ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂದದ್ದು 1947ರಲ್ಲಿ. ಅದರ ಜಾಗಕ್ಕೆ ರಾಷ್ಟ್ರೀಯ ಆಯೋಗವೊಂದನ್ನು ತರುವ ಹೊಸ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಈಗ ತೀವ್ರ ನಿಗಾ ಘಟಕಕ್ಕಾಗಿಯೇ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸೂ ಇದೆ. ಆಸ್ಪತ್ರೆಯ ಹೊರಗಿನ ಕೆಲಸವೂ ಕಡಿಮೆಯದಲ್ಲ: ಬಯಲುಸೀಮೆಯಲ್ಲಿ 5000 ಜನರಿಗೊಂದು ಆರೋಗ್ಯ ಉಪಕೇಂದ್ರವಾದರೆ ಗುಡ್ಡಗಾಡಿನಲ್ಲಿ 3000 ಜನರಿಗೊಂದು ಎಂಬುದು ಸರ್ಕಾರದ ಮಾನದಂಡ, ಮತ್ತು ತೋಟದ ಕೆಲಸಗಾರರ ಲೈನ್ ಮನೆಗಳಿಗೂ ಆದಿವಾಸಿಗಳ ಹಾಡಿಗಳಿಗೂ ಲಸಿಕೆ ಪೆಟ್ಟಿಗೆ ಹೊತ್ತು ನಡೆದವರು ಅಲ್ಲಿನ ಎಎನ್ಎಂ (ಸಹಾಯಕ ನರ್ಸ್ ಹಾಗೂ ಸೂಲಗಿತ್ತಿ) ಅಕ್ಕಂದಿರು.

ಅಂದ ಹಾಗೆ, ಶುಶ್ರೂಷೆ ಎಂಬ ಸಂಸ್ಕೃತ ಪದದ ಮೂಲಾರ್ಥ ‘ಕೇಳುವ ಇಚ್ಛೆ’. ವೈದ್ಯರ ಮಾತು ಕೇಳುವುದೆಂದು ನಿಮ್ಮ ಹಿರಿಯರು ತಿಳಿದಿದ್ದಾರೆ. ನಾನು ಕೇಳಿದ್ದು ಹೆಚ್ಚಾಗಿ ರೋಗಿಯ ನರಳಿಕೆಯನ್ನು.

ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂದು ಪರಿಷತ್ತಿನ ನಿಯಮ. ನಾನು ದುಡಿದ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಮೂವತ್ತು ಮಂದಿಗೆ ನಾನೊಬ್ಬಳೇ. ಅಷ್ಟು ಜನರ ಉಸಿರನ್ನು ಒಬ್ಬೊಬ್ಬರದು ಒಂದು ನಿಮಿಷದಂತೆ ಎಣಿಸಲು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ನಾಲ್ಕು ಡ್ರಿಪ್ ಮುಗಿದಿರುತ್ತವೆ. ಖಾಸಗಿಯಲ್ಲಿ ಆರಂಭದ ಸಂಬಳ ಕಡಿಮೆ, ನಡುಬೆನ್ನು ನೋವು ಖಾಯಂ.

ಕಾಲೇಜು ಆರಿಸುವಾಗ ನರ್ಸಿಂಗ್ ಪರಿಷತ್ತಿನ ಮಾನ್ಯತೆಯನ್ನೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಯನ್ನೂ ಖಚಿತಪಡಿಸಿಕೊಳ್ಳಿ. ಕಟ್ಟಡ ನೋಡಿ ಮರುಳಾಗಬೇಡಿ. ಕ್ಲಿನಿಕಲ್ ಪೋಸ್ಟಿಂಗ್‌ಗೆ ಯಾವ ಆಸ್ಪತ್ರೆಗೆ ಕಳುಹಿಸುತ್ತಾರೆ, ಅಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ ಎಂದು ವಿಚಾರಿಸಿ. ಸಾಧ್ಯವಾದರೆ ಮಗಳನ್ನು ಮೂರನೆಯ ವರ್ಷದ ಹುಡುಗಿಯರ ಹತ್ತಿರ ಮಾತಾಡಲು ಬಿಟ್ಟು ನೀವು ಸ್ವಲ್ಪ ದೂರ ನಿಲ್ಲಿ, ನಿಮ್ಮೆದುರಿಗೆ ಅವರು ನಿಜ ಹೇಳಲಿಕ್ಕಿಲ್ಲ.