ಅರ್ಜಿ ಮಂಜೂರಾಗಿದೆ, ದುಡ್ಡು ಎಲ್ಲಿ?

ಪ್ರಶ್ನೆ: ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಮಂಜೂರಾಗಿದೆ ಅಂತ ತೋರಿಸುತ್ತಿದೆ, ಖಾತೆಗೆ ಮಾತ್ರ ಬಂದಿಲ್ಲ. ಏನು ಮಾಡಲಿ?

ಉತ್ತರ: ಗಾಬರಿಯಾಗಬೇಡಿ ಅಮ್ಮ. ಈ ಹಣ ಅಕೌಂಟ್ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನೋಡಿ ಬರುತ್ತದೆ, ಅಂದರೆ ಕೊನೆಯದಾಗಿ ಯಾವ ಖಾತೆಗೆ ಆಧಾರ್ ಸೀಡಿಂಗ್ (ಸರ್ಕಾರದ ಹಣ ಬರಲು ಆಧಾರ್ ಜೋಡಣೆ) ಆಗಿದೆಯೋ ಅಲ್ಲಿಗೇ ಹೋಗುತ್ತದೆ. ನಮ್ಮ ಅಕ್ಕನ ಮಗನಿಗೂ ಹೀಗೇ ಆಗಿತ್ತು. ಹೈಸ್ಕೂಲಿನಲ್ಲಿ ಮಾಡಿಸಿದ್ದ ಖಾತೆ, ರೇಷನ್ ಕಾರ್ಡ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಪಾಸ್‌ಬುಕ್, ಎಂಟ್ರಿ ಹಾಕಿಸಿದರೆ ಪೂರ್ತಿ ದುಡ್ಡು ಅಲ್ಲೇ ಇತ್ತು!

ಮೊದಲು ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ. ಇನ್‌ಆಕ್ಟಿವ್ ಅಂತಿದ್ದರೆ ಬ್ಯಾಂಕಿಗೆ ಹೋಗಿ ‘ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ’ ಅಂತಲೇ ಕೇಳಿ, ಸೀಡಿಂಗ್‌ಗೆ ಬ್ಯಾಂಕಿನವರು ಹೇಳುವ ಹೆಸರು ಇದು. ಸುಮ್ನೆ ‘ಆಧಾರ್ ಲಿಂಕ್’ ಅಂದರೆ ಬರೀ ಕೆವೈಸಿ (ಗುರುತಿನ ದಾಖಲೆ ಪರಿಶೀಲನೆ) ಮಾಡಿ ಕಳಿಸಿಬಿಡುತ್ತಾರೆ. ಫಾರ್ಮಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.